ಸುಬೇದಾರರ ಬೀಸು

ಸುಬೇದಾರರ ಗಾಲ್ಫ್ ಮೈದಾನ ಬೇಸಿಗೆ ಇರುವಷ್ಟು ದಿನ ಮಾತ್ರ ಇರುತ್ತಿತ್ತು. ವರ್ಷದ ಉಳಿದ ತಿಂಗಳುಗಳಲ್ಲಿ ಅದರ ಮೇಲೆ ಮೀನುಗಳು ಓಡಾಡಿಕೊಂಡಿರುತ್ತಿದ್ದವು. ಸವದತ್ತಿ ಅಣೆಕಟ್ಟಿನ ಹಿನ್ನೀರು ಹೋಳಿ ಹುಣ್ಣಿಮೆ ಕಳೆದ ಮೇಲೆ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಹಿಂದೆ ಸರಿಯುತ್ತದೆ. ಅದು ಬಿಟ್ಟುಕೊಟ್ಟ ನೆಲದಲ್ಲಿ ಸಣ್ಣ ಹುಲ್ಲು ಏಳುತ್ತದೆ. ಕುರಿಗಳು ಅದನ್ನು ಮೇದು ಮೇದು ಒಪ್ಪವಾಗಿ ಕತ್ತರಿಸಿ ಇಡುತ್ತವೆ. ಆ ಹುಲ್ಲಿನ ಮೇಲೆ, ಹೊತ್ತು ಮೂಡುವ ಸಮಯಕ್ಕೆ, ಧೋತರವನ್ನು ಮೊಣಕಾಲ ಮೇಲೆ ಎತ್ತಿಕಟ್ಟಿ, ತಲೆಗೆ ಹಳೆಯ ಮಿಲಿಟರಿ ಟೋಪಿ ಹಾಕಿಕೊಂಡು, ಕಬ್ಬಿಣದ ತಲೆಯ ಕೋಲೊಂದನ್ನು ಹಿಡಿದು ಅವರು ನಿಂತಿರುತ್ತಿದ್ದರು. ನೀರಿನ ಕಡೆಯಿಂದ ತೆಳ್ಳಗೆ ಹಬೆ ಏಳುತ್ತಿತ್ತು. ದೂರದಿಂದ ನೋಡಿದರೆ ಅವರ ಕಾಲು ಕಾಣುತ್ತಿರಲಿಲ್ಲ.

ನಾನು ಈಗ ಕಣ್ಣು ಮುಚ್ಚಿದರೂ ಅವರು ಹಾಗೆಯೇ ಕಾಣುತ್ತಾರೆ. ಕೋಲು ಹಿಂದಕ್ಕೆ ಹೋಗುತ್ತದೆ, ಭುಜದ ಮೇಲೆ ಏರುತ್ತದೆ, ಅಲ್ಲಿ ಒಂದು ಗಳಿಗೆ ಏನನ್ನೋ ಮರೆತು ನೆನಪಿಸಿಕೊಳ್ಳುವ ಹಾಗೆ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಟಪ್ ಎಂದು ಸಣ್ಣ ಸದ್ದು. ಚೆಂಡು ಎಲ್ಲಿ ಹೋಯಿತೆಂದು ನಾನು ನೋಡುತ್ತಿರಲಿಲ್ಲ. ಅವರನ್ನೇ ನೋಡುತ್ತಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೂ ಇಲ್ಲ. ಎಲ್ಲರಿಗೂ ಸುಬೇದಾರರು. ಹೆಂಡತಿಗೆ ಮಾತ್ರ ‘ಮಿಲ್ಟ್ರಿಯವರು’. ಅವರು ಹೆಂಡತಿಯನ್ನು ಕರೆಯುತ್ತಿದ್ದುದು ‘ರಾಮದುರ್ಗದಾಕಿ’ ಎಂದು. ಮದುವೆಯಾಗಿ ಮೊಮ್ಮಕ್ಕಳಾದರೂ ಆಕೆ ನಿನ್ನೆಯಷ್ಟೇ ರಾಮದುರ್ಗದಿಂದ ಬಸ್ಸಿಳಿದು ಬಂದವರ ಹಾಗೆ ಅವರಿಗೆ ಒಂದು ಬೆರಗು ಉಳಿದಿತ್ತು. ಅದನ್ನು ಮುಚ್ಚಿಡಲು ಸದಾ ರೇಗಿಸುತ್ತಿದ್ದರು.

ನಾನು ದನದ ಡಾಕ್ಟರ್. ಬೈಲಹೊಂಗಲದವನು, ಅರಳೆ ವ್ಯಾಪಾರದ ಮನೆಯವನು. ನಮ್ಮ ಮನೆಯಲ್ಲಿ ಯಾರೂ ಕೂತು ಉಂಡವರಲ್ಲ. ತೊಂಬತ್ತರ ದಶಕದ ನಡುವೆ ಸವದತ್ತಿಯ ಪಶು ಆಸ್ಪತ್ರೆಗೆ ವರ್ಗವಾಗಿ ಬಂದ ಹೊಸತರಲ್ಲಿ, ಹಿನ್ನೀರಿನ ದಂಡೆಯ ಆ ಊರಿನಿಂದ ಕರೆ ಬಂತು. ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು. ಹೋಗಿ ನೋಡಿದರೆ ಕರುವಿನ ಒಂದು ಕಾಲು ಒಳಗೇ ಮಡಚಿಕೊಂಡಿತ್ತು. ಅದನ್ನು ನೆಟ್ಟಗೆ ಮಾಡಿ, ಕರುವನ್ನು ಹೊರಗೆ ತಂದು, ಅದು ಉಸಿರಾಡಿದ್ದನ್ನು ನೋಡಿ, ಕೈ ತೊಳೆದುಕೊಂಡು, ಚಹಾವನ್ನು ಬಸಿಗೆ ಸುರಿದು ಆರಿಸದೆಯೇ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡೆ. ಎಮ್ಮೆಯ ಯಜಮಾನರು, ಇದೇ ಸುಬೇದಾರರು, ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದರು.

“ಡಾಕ್ಟರ, ಕೈ ಎಮ್ಮಿ ಹೊಟ್ಟ್ಯಾಗಿದ್ದಾಗ ಎಷ್ಟ ನಿಧಾನ ಇದ್ರಿ. ಹೊರಗ ಬಂದಕೂಡ್ಲೆ ಯಾಕ ಹಿಂಗ ಮಾಡಾಕ ಹತ್ತೀರಿ?” ಎಂದರು.

“ಇನ್ನೂ ಬ್ಯಾರೆ ಊರಿಗೆ ಹೋಗೋದೈತ್ರಿ.”

“ಊರೇನ ಓಡಿ ಹೊಕ್ಕಾವೇನ್ರಿ?”

ಅಷ್ಟರಲ್ಲಿ ನನ್ನ ಕಣ್ಣು ಕೊಟ್ಟಿಗೆಯ ಗೋಡೆಗೆ ಬಿದ್ದಿತ್ತು. ನೇಗಿಲು, ಕುಂಟೆಗಳ ನಡುವೆ ಒಂದು ಉದ್ದನೆಯ ಚೀಲ. ಅದರಲ್ಲಿ ತಲೆ ಸೊಟ್ಟಗಿದ್ದ ಕೋಲುಗಳು. ಏನಿವು ಎಂದು ಕೇಳಿದ್ದೇ ತಪ್ಪಾಯಿತು. ಅವರು ನನ್ನ ತೋಳು ಹಿಡಿದು ಹಿನ್ನೀರಿನ ಕಡೆಗೆ ಎಳೆದುಕೊಂಡೇ ಹೋದರು. ಆ ದಿನ ಬೇರೆ ಊರಿಗೆ ನಾನು ಹೋಗಲಿಲ್ಲ.

ದಾರಿಯಲ್ಲಿ ಕತೆ ಹೇಳಿದರು. ಎಲ್ಲೋ ಉತ್ತರದ ಚಳಿ ಸೀಮೆಯಲ್ಲಿ ಅವರ ಪಲ್ಟನ್ ಇದ್ದಾಗ ಕರ್ನಲ್ ಸಾಹೇಬರೊಬ್ಬರಿಗೆ ಗಾಲ್ಫ್ ಹುಚ್ಚಂತೆ. ಜೊತೆಗೆ ಆಡುವವರು ಯಾರೂ ಇಲ್ಲ. ಆ ಸಾಹೇಬರು ಇವರನ್ನು ಕರೆದು, ನಾಳೆಯಿಂದ ನೀನು ಗಾಲ್ಫ್ ಆಡುತ್ತೀ ಎಂದು ಹುಕುಂ ಮಾಡಿದರಂತೆ. “ಹುಕುಂ ಅಂದ್ರ ಹುಕುಂರಿ. ಗುಡ್ಡಾ ಏರು ಅಂದ್ರ ಏರಿದ್ವಿ, ಚೆಂಡ ಹೊಡಿ ಅಂದ್ರ ಹೊಡದ್ವಿ” ಎಂದು ನಕ್ಕರು. ನಿವೃತ್ತಿಯ ದಿನ ಸಾಹೇಬರು ತಮ್ಮ ಹಳೆಯ ಕೋಲುಗಳ ಚೀಲವನ್ನೇ ಇವರ ಹೆಗಲಿಗೆ ಹಾಕಿ ಕಳಿಸಿದ್ದರು. ಊರಿನವರು ಅದನ್ನು ಬಂದೂಕಿನ ಚೀಲ ಎಂದುಕೊಂಡು ಬಹಳ ದಿನ ಇವರ ಜೊತೆ ಬದುವಿನ ಜಗಳಕ್ಕೇ ಬರಲಿಲ್ಲವಂತೆ.

ನನ್ನ ಕೈಗೂ ಒಂದು ಕೋಲು ಕೊಟ್ಟರು. ಅಷ್ಟು ಸಣ್ಣ ಚೆಂಡು, ಅದೂ ಓಡಾಡದೆ ಸುಮ್ಮನೆ ಬಿದ್ದಿರುವ ಚೆಂಡು, ಹೊಡೆಯುವುದೇನು ಮಹಾ ಎಂದು ಬೀಸಿದೆ. ಕೋಲು ನೆಲಕ್ಕೆ ಬಡಿದು ಒಂದು ಹೆಂಟೆ ಮಣ್ಣು ಹಾರಿತು. ಚೆಂಡು ಇದ್ದಲ್ಲೇ ಇತ್ತು. ಮತ್ತೆ ಬೀಸಿದೆ. ಈ ಸಲ ಗಾಳಿಗೆ ಪೆಟ್ಟಾಯಿತು. ಮೇಯುತ್ತಿದ್ದ ಕುರಿಯೊಂದು ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ಮೇಯತೊಡಗಿತು.

“ಚೆಂಡ ಎಲ್ಲೀ ಹೋಗಂಗಿಲ್ರಿ. ನೀವು ಬರೂತನಕಾ ಅಲ್ಲೇ ಕುಂತಿರತೈತಿ. ಅವಸರ ಯಾರದು?” ಎಂದರು ಸುಬೇದಾರರು.

ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ಬೇಸಿಗೆಯ ಭಾನುವಾರಗಳೆಲ್ಲ ಆ ಹುಲ್ಲಿನ ಮೇಲೆಯೇ. ನನ್ನ ತೊಂದರೆ ಏನೆಂದು ಅವರಿಗೆ ಮೊದಲ ದಿನವೇ ತಿಳಿದಿತ್ತು. ಕೋಲನ್ನು ಹಿಂದಕ್ಕೆ ಎತ್ತುತ್ತಿದ್ದೆ, ಅದು ಪೂರ್ತಿ ಹಿಂದೆ ಹೋಗುವ ಮೊದಲೇ ಮುಂದಕ್ಕೆ ಎಳೆಯುತ್ತಿದ್ದೆ. ಮೈ ಒಂದು ಕಡೆ, ಕೈ ಒಂದು ಕಡೆ. ಅವರು ಭುಜ ಹಿಡಿದು ತಿರುಗಿಸಿದರು, ಬಯ್ದರು, ನನ್ನ ಹಿಂದೆ ನಿಂತು ಕೋಲಿನ ತುದಿಯನ್ನು ಹಿಡಿದುಕೊಂಡು ಬಿಡದೆ ಸತಾಯಿಸಿದರು.

ಒಂದು ದಿನ ತಾಳ್ಮೆ ತಪ್ಪಿ ಕೇಳಿದರು: “ಎಮ್ಮಿ ಈಯುವಾಗ ಕರಾ ಹೆಂಗ ಎಳೀತೀರಿ?”

“ಅದು ತಿಣಕಿದಾಗ ಎಳೀತೇನ್ರಿ.”

“ತಿಣಕದಿದ್ರ?”

“ಸುಮ್ನ ಹಿಡಕೊಂಡಿರತೇನ್ರಿ.”

“ಮತ್ತ ಇಲ್ಲೇನ ಧಾಡಿ ನಿಮಗ?”

ಅದು ತಿಳಿಯಿತು, ಆದರೆ ಕೈಗೆ ಬರಲಿಲ್ಲ. ವರ್ಷಗಟ್ಟಲೆ ಬರಲಿಲ್ಲ.

ಅವರನ್ನು ಸಂತರನ್ನಾಗಿ ಮಾಡುವ ಇರಾದೆ ನನಗಿಲ್ಲ. ಆಟದಲ್ಲಿ ರಾಜಾರೋಷವಾಗಿ ಮೋಸ ಮಾಡುತ್ತಿದ್ದರು. ನೀರಿನಿಂದ ದೂರ ಹೋದಂತೆ ಹುಲ್ಲು ಮುಗಿದು ಎರೆಭೂಮಿ ಶುರುವಾಗುತ್ತಿತ್ತು. ಬಿಸಿಲಿಗೆ ಅದು ಕೈ ತೂರುವಷ್ಟು ಬಿರುಕು ಬಿಡುತ್ತಿತ್ತು. ಅಲ್ಲಿಗೆ ಹೋದ ಚೆಂಡು ಭೂಮಿಯ ಪಾಲು. ನನ್ನ ಚೆಂಡು ಬಿರುಕಿಗೆ ಬಿದ್ದರೆ “ಹೋತದು, ಹೊಸಾ ಚೆಂಡ ತಗೀರಿ” ಎನ್ನುತ್ತಿದ್ದರು. ತಮ್ಮದು ಬಿದ್ದರೆ ಅತ್ತ ಹೋಗಿ, ಬಗ್ಗಿ, ಧೋತರ ಸರಿಮಾಡಿಕೊಂಡು, “ಇಲ್ಲೇ ಅಂಚಿನ್ಯಾಗ ಐತಿ ನೋಡ್ರಿ” ಎಂದು ಕಿಸೆಯಿಂದ ಬೇರೆ ಚೆಂಡು ತೆಗೆದು ಇಡುತ್ತಿದ್ದರು. ನಾನು ನೋಡಿದ್ದೇನೆಂದು ಅವರಿಗೂ ಗೊತ್ತಿತ್ತು. ಮೀಸೆ ತಿರುವುತ್ತಿದ್ದರು, ಅಷ್ಟೆ. ಅವರು ಕೋಲು ಎತ್ತಿದಾಗ ಯಾರಾದರೂ ಮಾತಾಡಿದರೆ ಸಿಟ್ಟು ನೆತ್ತಿಗೇರುತ್ತಿತ್ತು. ಒಮ್ಮೆ ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದಿಗೂ ಬಯ್ದಿದ್ದರು.

ಕೆಂಪು ಬಾವುಟದ ಕತೆಯನ್ನು ಹೇಳದಿದ್ದರೆ ಆ ಊರಿನವರು ನನ್ನನ್ನು ಬಿಡುವುದಿಲ್ಲ. ಚೆಂಡು ಬೀಳುವ ಗುಳಿಗಳಿಗೆ ಅವರು ಹಳೆಯ ಡಾಲ್ಡಾ ಡಬ್ಬಿಗಳನ್ನು ಹುಗಿದಿದ್ದರು. ದೂರಕ್ಕೆ ಕಾಣಲೆಂದು ಒಂದು ಬೇಸಿಗೆ ಪ್ರತಿ ಗುಳಿಯ ಪಕ್ಕದಲ್ಲೂ ಒಂದು ಗಳ ನೆಟ್ಟು, ಹೆಂಡತಿಯ ಹಳೆಯ ಸೀರೆಯ ಕೆಂಪು ಸೆರಗನ್ನು ಹರಿದು ಕಟ್ಟಿದರು. ಆ ಸುತ್ತಿನ ಊರುಗಳೆಲ್ಲ ಅಣೆಕಟ್ಟು ಕಟ್ಟಿದಾಗ ಮುಳುಗಿ ಮೇಲೆ ಬಂದು ನೆಲೆಸಿದ ಊರುಗಳು. ಆಗ ಮೊದಲು ಕಂಡದ್ದು ಇಂಥವೇ ಗಳಗಳು, ಇಂಥವೇ ಕೆಂಪು ಬಟ್ಟೆಗಳು. ಮರುದಿನ ಬೆಳಿಗ್ಗೆ ನಾನು ಹೋದಾಗ ದಂಡೆಯ ಮೇಲೆ ಟ್ರ್ಯಾಕ್ಟರುಗಳು ನಿಂತಿದ್ದವು, ಜನ ಜಮಾಯಿಸಿದ್ದರು. ಅಣೆಕಟ್ಟನ್ನು ಮತ್ತೆ ಎತ್ತರಿಸುತ್ತಾರೆ, ಸರ್ವೇದವರು ಗುಟ್ಟಾಗಿ ಬಂದು ಗುರುತು ಹಾಕಿ ಹೋಗಿದ್ದಾರೆ ಎಂದು ಗುಲ್ಲೆದ್ದಿತ್ತು. ಸವದತ್ತಿ ಕಚೇರಿಗೆ ಮುತ್ತಿಗೆ ಹಾಕಲು ಕೆಲವರು ಟ್ರೇಲರ್ ಹತ್ತಿಯೂ ಕೂತಿದ್ದರು.

ಸುಬೇದಾರರು ಕೋಲು ಹಿಡಿದು ಮುಂದೆ ಬಂದರು. ಇದು ಸರ್ವೇ ಅಲ್ಲ, ಆಟ ಎಂದರು. ಯಾರೂ ನಂಬಲಿಲ್ಲ. ರುಮಾಲು ಸುತ್ತಿದ ಹಿರಿಯರೊಬ್ಬರು ಡಬ್ಬಿಯನ್ನು ಬಗ್ಗಿ ನೋಡಿ ಕೇಳಿದರು:

“ಚೆಂಡ ಇದ್ರಾಗ ಬಿದ್ರ ಏನ ಸಿಗತೈತ್ರಿ?”

“ಏನೂ ಸಿಗಂಗಿಲ್ರಿ.”

“ಮತ್ತೇನ ಮಾಡತೀರಿ?”

“ತಗದ ಇನ್ನೊಂದ ಡಬ್ಬಿಗೆ ಹೊಡೀತೇನ್ರಿ.”

ಹಿರಿಯರು ಬಹಳ ಹೊತ್ತು ವಿಚಾರ ಮಾಡಿದರು. “ಸರ್ಕಾರದವ್ರು ಇಷ್ಟ ದಡ್ಡರಲ್ಲ. ಇದು ಆಟಾನ ಇರಬೇಕ್ರೋ, ನಡೀರಿ” ಎಂದು ಎಲ್ಲರನ್ನೂ ಕರೆದುಕೊಂಡು ಹೋದರು. ನಾನು ಹುಲ್ಲಿನ ಮೇಲೆ ಬಿದ್ದು ನಕ್ಕೆ. ಸುಬೇದಾರರು ನಗಲಿಲ್ಲ. ಒಂದೊಂದೇ ಗಳ ಕಿತ್ತು ಬಟ್ಟೆ ಬಿಚ್ಚಿ ಮಡಿಚಿ ಇಟ್ಟುಕೊಂಡರು. “ಅಂಜಿಸಿಬಿಟ್ಟೆನಲ್ರಿ ಪಾಪ” ಎಂದರು. ಮುಂದೆ ಆ ಮೈದಾನದಲ್ಲಿ ಬಾವುಟದ ಬದಲು ಜೋಳದ ದಂಟುಗಳು ನಿಂತವು. ಅವನ್ನು ದನ ತಿಂದು ಹೋಗುತ್ತಿದ್ದವು.

ಅವರ ಬೀಸು ಎಲ್ಲಿಂದ ಬಂತೆಂಬುದು ನನಗೆ ತಿಳಿದದ್ದು ಒಂದು ಪಂಚಮಿಯ ದಿನ. ಶ್ರಾವಣ ಬಂದು ಮೈದಾನವೆಲ್ಲ ನೀರಡಿ ಹೋಗಿತ್ತು. ಉಂಡಿ ತಿನ್ನಲು ಬರ್ರಿ ಎಂದು ಕರೆದಿದ್ದರು. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ, ಮನೆಮನೆಗೂ ಜೋಕಾಲಿ. ಅವರ ಹಿತ್ತಲಿನ ಬೇವಿನ ಮರಕ್ಕೆ ದಪ್ಪ ಹಗ್ಗ ಕಟ್ಟಿದ್ದರು. ಸೊಸೆ, ನೆರೆಯ ಹುಡುಗಿಯರು ಎಲ್ಲ ಆಡಿ ಮುಗಿಸಿದ ಮೇಲೆ ಸುಬೇದಾರರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಲಗೆಯ ಮೇಲೆ ನಿಂತರು. ಐವತ್ತು ದಾಟಿದ ಹೆಂಗಸು. ತೂಗುವವರು ಸುಬೇದಾರರು.

ತೂಗುವಾಗ ಅವರು ಆಕೆಯ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಜೊತೆ ಎಮ್ಮೆಯ ಹಾಲಿನ ವಿಚಾರ ಮಾತಾಡುತ್ತಿದ್ದರು. ಮಾತಿನ ನಡುವೆ ಬಾಯಿಯಲ್ಲೇ “ಹೋಗ್ಲೀ...” ಎನ್ನುತ್ತಿದ್ದರು. ಜೋಕಾಲಿ ದೂರ ಹೋಗಿ, ಹಿಂದಕ್ಕೆ ಬಂದು, ಮೇಲೇರಿ, ಅಲ್ಲಿ ಒಂದು ಗಳಿಗೆ ನಿಂತಂತಾಗುತ್ತಿತ್ತು. ಆಗ “ಬರ್ಲಿ” ಎಂದು ಅಂಗೈಯಿಂದ ಮೆಲ್ಲಗೆ ಮುಟ್ಟುತ್ತಿದ್ದರು. ನೂಕುತ್ತಿರಲಿಲ್ಲ, ಮುಟ್ಟುತ್ತಿದ್ದರು ಅಷ್ಟೆ. ಜೋಕಾಲಿ ಮಾತ್ರ ಬೇವಿನ ಎಲೆಗಳ ತನಕ ಹೋಗುತ್ತಿತ್ತು. ಮೇಲಿಂದ ಆಕೆ “ಇನ್ನಷ್ಟ ಜೀಕ್ರೀ, ಮುದುಕರಾದ್ರೇನು?” ಎಂದು ಕೂಗಿ ನಗುತ್ತಿದ್ದರು. ಸೀರೆ ಗಾಳಿಗೆ ಪಟಪಟ ಹೊಡೆಯುತ್ತಿತ್ತು. ಮೋಡದ ಬೆಳಕು, ಹಸಿ ಮಣ್ಣಿನ ವಾಸನೆ, ಆ ಎರಡು ಶಬ್ದ. ನಾನು ಉಂಡಿ ಹಿಡಿದುಕೊಂಡು ತಿನ್ನುವುದನ್ನೇ ಮರೆತು ಕೂತಿದ್ದೆ.

“ಕರ್ನಲ್ ಸಾಹೇಬ್ರು ಕಲಿಸಿ ಕಲಿಸಿ ಸಾಕಾಗಿದ್ರು. ನನಗೂ ನಿಮ್ಮಂಗ ಗಡಿಬಿಡಿ. ರಜಾದಾಗ ಊರಿಗೆ ಬಂದೆ, ಪಂಚಮಿ ಇತ್ತು. ಈಕಿನ್ನ ತೂಗಾಕ ನಿಂತೆ. ಲಗೂ ನೂಕಿದ್ರ ಹಗ್ಗ ಜೋಲಿ ಹೊಡೀತಿತ್ತು. ಕಡೀಗೆ ಬೈಸಿಕೊಂಡು ಬೈಸಿಕೊಂಡು ಕೈಗೆ ಹತ್ತಿತು. ವಾಪಸ್ ಹೋಗಿ ಕೋಲು ಎತ್ತೀನಿ, ಬಾಯಾಗ ಹೋಗ್ಲಿ ಬರ್ಲಿ ಅಂದೀನಿ, ಚೆಂಡ ಗುಡ್ಡದಾಚೆ. ಸಾಹೇಬ್ರು ನನ್ನ ಗುರು ಯಾರಂತ ಕೇಳಿದ್ರು. ರಾಮದುರ್ಗದಾಕಿ ಅಂದೆ. ಅದೇನ ಕ್ಲಬ್ಬೇನೋ ಅಂದ್ಕೊಂಡ್ರು” ಎಂದರು.

ಅದರ ಮರುವರ್ಷವೋ ಅದರ ಮುಂದಿನ ವರ್ಷವೋ ಪಂಚಮಿಯ ಜೋಕಾಲಿಯ ಮುಂದೆ ಮತ್ತೆ ನಿಂತಿದ್ದೆವು. ತೂಗುತ್ತ ತೂಗುತ್ತ ಸುಬೇದಾರರ ಮಾತು ನಿಂತುಹೋಯಿತು. ಅಂದು ಅವರು ಮೊದಲ ಸಲ ಜೋಕಾಲಿಯ ಕಡೆ ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. ಹೆಂಡತಿ ಇಳಿದು ಒಳಗೆ ಹೋದ ಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು:

“ಡಾಕ್ಟರ, ಜೀಕುವಾಗ ಆಕಿ ಮೊಣಕಾಲು ತಡಾ ಆಗಾಕ ಹತ್ತೇತಿ.”

“ವಯಸ್ಸಾತಲ್ರಿ.”

“ವಯಸ್ಸಲ್ಲ. ವಯಸ್ಸಾದ್ರ ಎರಡೂ ಕಾಲು ತಡಾ ಆಗಬೇಕು. ಒಂದ ಆಗೇತಿ.”

ಧಾರವಾಡದ ನರಗಳ ಡಾಕ್ಟರು ನೋಡಿ, ಇದು ನಿಧಾನಕ್ಕೆ ಮೈಯನ್ನು ಬಿಗಿ ಮಾಡುವ ರೋಗ, ಗುಣವಾಗುವುದಿಲ್ಲ, ಗುಳಿಗೆಯಿಂದ ಸ್ವಲ್ಪ ದಿನ ತಡೆಯಬಹುದು ಎಂದರು. ಮೊದಲು ಬಲಗೈ ಬೆರಳುಗಳು ನಡುಗತೊಡಗಿದವು. ರೊಟ್ಟಿ ಬಡಿಯುವುದು ನಿಂತಿತು. ಆಮೇಲೆ ಕಾಲು. ನಡೆಯುತ್ತ ನಡೆಯುತ್ತ ಹೊಸ್ತಿಲ ಮುಂದೆ ಬಂದರೆ ಸಾಕು, ಪಾದಗಳು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿದ್ದರು. ಮನಸ್ಸು ಹೊಸ್ತಿಲ ಆಚೆ ಇರುತ್ತಿತ್ತು, ಕಾಲು ಈಚೆ. ಹಿಡಿದು ಎಳೆದರೆ ಮುಗ್ಗರಿಸುತ್ತಿದ್ದರು. ಅವರದು ಐದು ಖನದ, ಅಂದರೆ ಐದು ಅಂಕಣದ, ಹಳೇ ಮನೆ. ಎಲ್ಲಿ ಹೋದರೂ ಹೊಸ್ತಿಲು. ತಮ್ಮ ಮನೆಯಲ್ಲೇ ಆಕೆ ಕೋಣೆಯಿಂದ ಕೋಣೆಗೆ ಹೋಗಲಾರದೆ ನಿಂತಲ್ಲೇ ಅಳುತ್ತಿದ್ದರು. ಜೋಕಾಲಿಯಲ್ಲಿ ಬೇವಿನ ಎಲೆ ಮುಟ್ಟಿ ಬರುತ್ತಿದ್ದ ಹೆಂಗಸು. ನನಗೆ ನೋಡಲಾಗುತ್ತಿರಲಿಲ್ಲ.

ಆ ಬೇಸಿಗೆ ಸುಬೇದಾರರು ಹೆಂಡತಿಯನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಮೈದಾನಕ್ಕೆ ಕರೆತರುತ್ತಿದ್ದರು. ಮನೆಯಲ್ಲಿ ಬಿಟ್ಟು ಬರಲು ಮನಸ್ಸಿಲ್ಲ, ಆಟ ಬಿಡಲೂ ಮನಸ್ಸಿಲ್ಲ. ಆಕೆ ಹುಲ್ಲಿನ ಮೇಲೆ ಹಾಸಿದ ಕೌದಿಯಲ್ಲಿ ಕೂತು ನೀರು ನೋಡುತ್ತಿದ್ದರು. ಒಂದು ದಿನ ಬಿಸಿಲೇರಿತು, ಮನೆಗೆ ಹೋಗೋಣ ಎಂದು ಎಬ್ಬಿಸಿ ನಿಲ್ಲಿಸಿದೆವು. ಚಕ್ಕಡಿಯ ಹತ್ತಿರ ಒಂದು ಸಣ್ಣ ನೀರಿನ ಕಾಲುವೆ ಇತ್ತು, ಅಂಗೈ ಅಗಲದ್ದು. ಅದರ ಮುಂದೆ ಆಕೆಯ ಕಾಲುಗಳು ನಿಂತುಬಿಟ್ಟವು. ನಾನು ರಟ್ಟೆ ಹಿಡಿದೆ, ಆಗಲಿಲ್ಲ. ಸುಬೇದಾರರು ಅಷ್ಟು ದೂರದಲ್ಲಿ ಕೊನೆಯ ಚೆಂಡು ಹೊಡೆಯಲು ನಿಂತಿದ್ದರು. ಇತ್ತ ಅವರ ಗಮನವೇ ಇರಲಿಲ್ಲ. ಕೋಲು ಎತ್ತುತ್ತ ಎಂದಿನಂತೆ ಬಾಯಿಯಲ್ಲಿ “ಹೋಗ್ಲೀ...” ಎಂದರು. ನನ್ನ ಕೈಯಲ್ಲಿದ್ದ ಆಕೆಯ ರಟ್ಟೆ ಸಡಿಲಾಯಿತು. ಹಿಮ್ಮಡಿ ಎದ್ದಿತು. “ಬರ್ಲಿ” ಎಂದರು. ಟಪ್. ಕಾಲು ಕಾಲುವೆಯ ಆಚೆ ಇತ್ತು.

ಆಕೆ ನನ್ನ ಮುಖ ನೋಡಿದರು, ನಾನು ಆಕೆಯ ಮುಖ ನೋಡಿದೆ. “ಮಿಲ್ಟ್ರಿಯವರ, ಇನ್ನೊಮ್ಮಿ ಅನ್ರೀ!” ಎಂದು ಕೂಗಿದರು. ಸುಬೇದಾರರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕೋಲನ್ನು ಹುಲ್ಲಿನ ಮೇಲೆ ಹಾಗೆಯೇ ಬಿಟ್ಟು ಓಡಿಬಂದರು. ಆ ಮನುಷ್ಯ ಓಡಿದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

ಮರುದಿನದಿಂದ ಅವರ ಆಟವೇ ಬದಲಾಯಿತು. ಬೆಳಿಗ್ಗೆ, ಸಂಜೆ, ಹೆಂಡತಿಯ ಎರಡೂ ಕೈ ಹಿಡಿದು, ತಾವು ಹಿಂದೆ ಹಿಂದೆ ಹೆಜ್ಜೆ ಇಡುತ್ತ, “ಹೋಗ್ಲೀ... ಬರ್ಲಿ” ಎಂದು ನಡೆಸುತ್ತಿದ್ದರು. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಓಣಿಗೆ. ಓಣಿಯ ಮಕ್ಕಳು ಅಣಕಿಸಿದರು. ಅವರು ಕಣ್ಣೆತ್ತಿಯೂ ನೋಡಲಿಲ್ಲ. ಮಾತಾಡಿದರೆ ಸಿಟ್ಟಾಗುತ್ತಿದ್ದ ಮನುಷ್ಯ ದನ, ಸೈಕಲ್ಲು, ಮೈಕು ಎಲ್ಲದರ ನಡುವೆ ತಮ್ಮ ಎರಡು ಶಬ್ದವನ್ನು ಕೆಡದಂತೆ ಹಿಡಿದುಕೊಂಡು ಹೋಗುತ್ತಿದ್ದರು. ಆಕೆಯ ಕಾಲು ಎದ್ದು ಗಾಳಿಯಲ್ಲಿ ಇರುವಾಗ ಕಾಯುತ್ತಿದ್ದರು. ಆಕೆಯ ಭುಜ ಒಂದಿಷ್ಟು ಬಾಗಿದ ಮೇಲೆಯೇ ಎರಡನೆಯ ಶಬ್ದ. ಮಗನೂ ಹೇಳಿ ನೋಡಿದ, ಸೊಸೆಯೂ ಹೇಳಿದಳು. ಕಾಲು ಏಳಲಿಲ್ಲ. “ನೀವು ಹೇಳತೀರಿ, ಅವರು ಕಾಯತಾರ” ಎಂದು ಆಕೆ ಮಗನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನನಗೆ ಬೈಲಹೊಂಗಲಕ್ಕೆ ವರ್ಗವಾಯಿತು, ಅಲ್ಲಿಂದ ಕಿತ್ತೂರಿಗೆ. ಬೇಸಿಗೆಗೆ ಒಮ್ಮೆಯೋ ಎರಡು ಸಲವೋ ಹೋಗುತ್ತಿದ್ದೆ. ಮೈದಾನದಲ್ಲಿ ಡಾಲ್ಡಾ ಡಬ್ಬಿಗಳಿಗೆ ಕೆಸರು ತುಂಬಿ ಹುಲ್ಲು ಬೆಳೆದಿತ್ತು. ಆಡುವುದಿಲ್ಲವೇ ಎಂದರೆ “ದಿನಾ ಆಡಾಕ ಹತ್ತೇನಲ್ರಿ” ಎನ್ನುತ್ತಿದ್ದರು. ಒಮ್ಮೆ ಮಾತ್ರ ಕಟ್ಟೆಯ ಮೇಲೆ ಕೂತು ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟರು:

“ಡಾಕ್ಟರ, ನಾ ಮೊದಲ ಹೋದ್ರ ಈಕಿ ನಿಂತಲ್ಲೇ ನಿಂದರತಾಳ. ಅದೊಂದ ಚಿಂತಿ ನೋಡ್ರಿ ನನಗ.”

ಹಾಗೆಲ್ಲ ಅನ್ನಬೇಡಿ ಎಂದು ನಾನು ಎಲ್ಲರೂ ಹೇಳುವಂಥದೇ ಮಾತು ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಕಟ್ಟೆಯಿಂದ ಎದ್ದು, “ಬರ್ರಿ, ನೀವೊಮ್ಮಿ ಹೇಳಿ ನೋಡ್ರಿ” ಎಂದು ನನ್ನನ್ನು ಹೆಂಡತಿಯ ಮುಂದೆ ನಿಲ್ಲಿಸಿದರು. ನಾನು ಹೇಳಿದೆ. ಕಾಲು ಏಳಲಿಲ್ಲ. ಅವರು ನಕ್ಕು ನನ್ನ ಬೆನ್ನು ತಟ್ಟಿದರು. ಆದರೆ ಅವರ ಮುಖ ಸಣ್ಣದಾದದ್ದು ನನಗೆ ಕಂಡಿತ್ತು.

ಒಂದು ವರ್ಷ ಸಂಕ್ರಾಂತಿ ಮುಗಿದ ದಿನಗಳಲ್ಲಿ ಕಿತ್ತೂರಿನ ಆಸ್ಪತ್ರೆಗೆ ಅವರ ಮಗನ ಫೋನು ಬಂತು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಗಾಡಿ ತೆಗೆದುಕೊಂಡು ಹೊರಟೆ. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯ ತುಂಬ ಎದುರಾದವು. ಎಲ್ಲದಕ್ಕೂ ಹಾರ್ನ್ ಹೊಡೆಯುವ ನಾನು ಅಂದು ಒಂದಕ್ಕೂ ಹೊಡೆಯಲಿಲ್ಲ. ಬೇಗ ತಲುಪುವ ಆಸೆಯೇ ಇರಲಿಲ್ಲ.

ನಾನು ಮುಟ್ಟುವಷ್ಟರಲ್ಲಿ ಅಂಗಳದಲ್ಲಿ ಅವರನ್ನು ಕೂಡಿಸಿ ಹೊತ್ತೊಯ್ಯುವ ವಿಮಾನ ಕಟ್ಟಿ ಸಿದ್ಧ ಮಾಡಿದ್ದರು. ಬಾಳೆಕಂಬ, ಚೆಂಡುಹೂವು. ಭಜನೆಯವರು ತಾಳ ಹಿಡಿದು ಸಾಲಾಗಿ ನಿಂತಿದ್ದರು. ಬೆಳಗಿನಿಂದ ಪಡಸಾಲೆಯಲ್ಲಿ ಗಂಡನ ಪಕ್ಕದಲ್ಲೇ ಕೂತಿದ್ದ ಆಕೆ, ಅವರನ್ನು ಎತ್ತಿ ಹೊರಗೆ ತಂದು ವಿಮಾನದಲ್ಲಿ ಕೂಡಿಸಿದಾಗ ತಾವೂ ಎದ್ದು ಬಂದರು. ತಲೆಬಾಗಿಲ ಹೊಸ್ತಿಲ ಮುಂದೆ ಬಂದು ನಿಂತರು. ಅಲ್ಲಿಗೆ ಮುಗಿಯಿತು.

ಮಗ ಹೋಗಿ ಹೇಳಿದ. ಸೊಸೆ ಹೇಳಿದಳು. ಯಾರೋ ಕುರ್ಚಿ ತಂದರು, ಎತ್ತಿಕೊಂಡು ಹೋಗೋಣ ಎಂದು. ಆಕೆ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು.

“ನನ್ನ ಹೊರಬ್ಯಾಡ್ರೀ. ಅವರು ಇಷ್ಟ ವರ್ಷ ನಡಿಸ್ಯಾರ. ನಾ ನಡಕೊಂಡ ಬರತೇನಿ.”

“ಹೊತ್ತಾತವ್ವ” ಎಂದರು ಹಿರಿಯರು. ಭಜನೆಯ ತಾಳ ಜೋರಾಯಿತು. ಆಕೆಯ ಕಾಲ ಬೆರಳುಗಳು ನೆಲವನ್ನು ಕಚ್ಚಿ ಹಿಡಿದಿದ್ದವು. ಆಕೆ ಗಂಡನ ಮುಖವನ್ನು ನೋಡುತ್ತಿದ್ದರು. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅವರು ಕೂತಿದ್ದರು. ನಾನು ಭಜನೆಯವರ ಕಡೆ ಕೈ ಎತ್ತಿದೆ. ತಾಳ ನಿಂತಿತು. ಯಾಕೆ ನಿಲ್ಲಿಸಿದೆ ಎಂದು ಎಲ್ಲರೂ ನನ್ನ ಕಡೆ ತಿರುಗಿದರು.

ಹೋಗಿ ಆಕೆಯ ಎರಡೂ ಕೈ ಹಿಡಿದೆ. “ಹೋಗ್ಲಿ, ಬರ್ಲಿ” ಎಂದೆ. ಏನೂ ಆಗಲಿಲ್ಲ.

“ಲಗೂ ಆತ್ರಿ ಡಾಕ್ಟರ” ಎಂದರು ಆಕೆ, ಬಯ್ಯುವ ದನಿಯಲ್ಲಲ್ಲ.

ಜನ ಕಾಯುತ್ತಿದ್ದಾರೆ ಎಂಬುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಬೆನ್ನನ್ನು ಮರೆತೆ. ಆಕೆಯ ಭುಜವನ್ನಷ್ಟೇ ನೋಡುತ್ತ “ಹೋಗ್ಲೀ...” ಎಂದೆ. ಬೆರಳುಗಳು ಸಡಿಲಾದವು. ಹಿಮ್ಮಡಿ ಎದ್ದಿತು, ಕಾಲು ಎದ್ದಿತು. ನನ್ನ ಬಾಯಿಗೆ ಎರಡನೆಯ ಶಬ್ದ ಬಂದೇಬಿಟ್ಟಿತ್ತು, ಹಲ್ಲು ಕಚ್ಚಿ ಹಿಡಿದೆ. ಕಾಲು ಹೊಸ್ತಿಲ ಮೇಲೆ, ಗಾಳಿಯಲ್ಲಿ, ನಡುಗುತ್ತ ನಿಂತಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ. ಅಂಗಳದ ಸದ್ದೆಲ್ಲ ಎಲ್ಲಿಗೋ ಹೋಗಿತ್ತು. ಆಕೆಯ ಭುಜ ಒಂದಿಷ್ಟು ಬಾಗಿತು. “ಬರ್ಲಿ” ಎಂದೆ.

ಕಾಲು ಅಂಗಳಕ್ಕೆ ಇಳಿಯಿತು.

ವಿಮಾನ ಮುಂದೆ,‌ ಆಕೆ ಹಿಂದೆ, ಆಕೆಯ ಮುಂದೆ ಹಿಂದುಮುಂದಾಗಿ ನಡೆಯುತ್ತ ನಾನು. ಅಂಗಳ ದಾಟಿದೆವು, ಓಣಿ ಹಿಡಿದೆವು. ಮೆರವಣಿಗೆ ನಮಗಾಗಿ ನಿಲ್ಲುತ್ತ ನಿಲ್ಲುತ್ತ ಸಾಗಿತು. ಹೊಲದ ತಿರುವಿನಲ್ಲಿ ಹಿನ್ನೀರು ಕಾಣಿಸಿತು. ತುಂಬಿಕೊಂಡು, ಬಿಸಿಲಿಗೆ ಬೆಳ್ಳಗೆ, ಸುಮ್ಮನೆ ಬಿದ್ದಿತ್ತು. ಅದರ ತಳದಲ್ಲಿ ನಮ್ಮ ಮೈದಾನವಿತ್ತು. ಶಬ್ದ ಹೊರಡಲಿಲ್ಲ. ಹುಡುಗರ ಹಾಗೆ ಅಳು ಬಂತು, ನಿಂತುಬಿಟ್ಟೆ. ನಾನು ನಿಂತಿದ್ದಕ್ಕೆ ಆಕೆಯೂ ನಿಂತರು. ವಿಮಾನ ತಿರುವು ದಾಟಿ ಮುಂದೆ ಹೋಯಿತು.

ಆಕೆ ನಡುಗುವ ಕೈಯಿಂದ ನನ್ನ ಮುಂಗೈ ಹಿಡಿದುಕೊಂಡು ಕಾದರು. ನನ್ನ ಉಸಿರು ಒಂದು ಹದಕ್ಕೆ ಬರುವತನಕ ಕಾದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ, ಮೆಲ್ಲಗೆ, “ಹೋಗ್ಲೀ...” ಎಂದರು.

ನನ್ನ ಕಾಲು ಎದ್ದಿತು.